‘ನೆಟ್ ಬರ್ತಿಲ್ಲ’ ಅಂದಾಗ ಯಾವ ಪದರದಲ್ಲಿ ಹುಡುಕಬೇಕು?

ವಿಜಯನಗರದ ಒಂದು ಪಿಜಿಯಿಂದ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ‘ಅಣ್ಣಾ, ನೆಟ್ ಬರ್ತಿಲ್ಲ. ಹುಡುಗರೆಲ್ಲ ಕೆಳಗೆ ಬಂದು ನಿಂತಿದ್ದಾರೆ’ ಅಂದರು ಪಿಜಿ ನಡೆಸುವ ಆಂಟಿ.

‘ಯಾರಿಗೂ ಬರ್ತಿಲ್ವಾ ಆಂಟಿ?’

‘ಕೆಲವರಿಗೆ ಬರ್ತಿದೆ. ಬೆಳಿಗ್ಗೆ ಬರದೇ ಇದ್ದವರಿಗೆ ಈಗ ಬರ್ತಿದೆ, ಆಗ ಬರ್ತಿದ್ದವರಿಗೆ ಈಗ ಇಲ್ಲ. ಕಂಪನಿಯವರು ನಮ್ಮ ಕಡೆ ಎಲ್ಲಾ ಸರಿಯಾಗಿದೆ ಅಂತಾರೆ.’

ಮೂರು ದಿನದಿಂದ ಹೀಗೇ ನಡೆದಿತ್ತು. ದಿನಕ್ಕೆ ಐದಾರು ಸಲ ರೂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದರು. ಪ್ರತಿ ಸಲವೂ ಸ್ವಲ್ಪ ಹೊತ್ತು ಯಾರಿಗೋ ಬರುತ್ತಿತ್ತು, ಮತ್ಯಾರಿಗೋ ಹೋಗುತ್ತಿತ್ತು. ಈ ಕೇಸಿನ ಕಡೆಗೆ ಆಮೇಲೆ ಬರುತ್ತೇನೆ, ಏಕೆಂದರೆ ಇದು ಮೂರನೇ ಪದರದ ದೋಷ, ಅಲ್ಲಿಗೆ ಹೋಗುವ ಮುಂಚೆ ಕೆಳಗಿನ ಎರಡು ಮೆಟ್ಟಿಲು ಹತ್ತಬೇಕು.

‘ನೆಟ್ ಬರ್ತಿಲ್ಲ’ ಅನ್ನುವುದು ‘ಮೈಗೆ ಹುಷಾರಿಲ್ಲ’ ಅಂದ ಹಾಗೆ. ಅದು ದೂರು, ಲಕ್ಷಣವಲ್ಲ. ಡಾಕ್ಟರು ಎಲ್ಲಿ ನೋವು, ಯಾವಾಗಿಂದ, ಊಟ ಸೇರುತ್ತಾ ಅಂತ ಕೇಳಿದ ಹಾಗೆ ನೆಟ್‌ವರ್ಕಿಗೂ ಕ್ರಮವಾಗಿ ಪ್ರಶ್ನೆ ಕೇಳಬೇಕು. ಕೇಳಲು ಸಾಧ್ಯವಾಗುವುದು ನೆಟ್‌ವರ್ಕನ್ನು ಪದರ ಪದರವಾಗಿ ಕಟ್ಟಿರುವುದರಿಂದ. ಪ್ರತಿ ಪದರಕ್ಕೂ ತನ್ನದೇ ಒಂದು ಕೆಲಸ, ಆ ಕೆಲಸ ಆಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ತನ್ನದೇ ಒಂದು ದಾರಿ. ಒಂದು ಪದರ ಸರಿಯಾಗಿದೆ ಎಂದು ಸಾಬೀತಾದರೆ ಅದರ ಕೆಳಗಿನದ್ದೆಲ್ಲ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹುಡುಕಾಟದ ಜಾಗ ಅಷ್ಟು ಕಿರಿದಾಗುತ್ತದೆ.

ಮೊದಲು, ಮಾಡಬಾರದ್ದು

ರೂಟರಿನ ಹಿಂದೆ ಸೂಜಿ ಮೊನೆಯಷ್ಟು ಒಂದು ತೂತಿರುತ್ತದೆ, ಪಕ್ಕದಲ್ಲಿ ರೀಸೆಟ್ ಎಂದು ಬರೆದಿರುತ್ತದೆ. ದಯವಿಟ್ಟು ಅದಕ್ಕೆ ಪಿನ್ ಹಾಕಬೇಡಿ. ಅದು ಆಫ್ ಮಾಡಿ ಆನ್ ಮಾಡುವ ಗುಂಡಿಯಲ್ಲ. ಸಂಪರ್ಕದ ಯೂಸರ್‌ನೇಮು, ಪಾಸ್‌ವರ್ಡು, ವೈಫೈ ಹೆಸರು ಎಲ್ಲ ಅಳಿಸಿಹೋಗಿ ರೂಟರು ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳುತ್ತದೆ. ಒಂದು ದೋಷ ಇದ್ದಲ್ಲಿ ಎರಡಾಗುತ್ತದೆ.

ಆಫ್ ಮಾಡಿ ಆನ್ ಮಾಡುವುದು ತಪ್ಪಲ್ಲ, ಆದರೆ ಅದಕ್ಕೂ ಮುಂಚೆ ಎರಡು ನಿಮಿಷ ಕಣ್ಣಾಡಿಸಿ. ಯಾವ ಲೈಟು ಹತ್ತಿದೆ, ಯಾವುದು ಕೆಂಪಗಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಮಾಡಿದ ಮೇಲೆ ಆ ಸಾಕ್ಷ್ಯ ಇರುವುದಿಲ್ಲ.

ಪದರ ಅಂದರೆ ಏನು

ವಿಜಯನಗರದಿಂದ ವೈಟ್‌ಫೀಲ್ಡಿಗೆ ಬಸ್ಸಿನಲ್ಲಿ ಹೋಗುವುದನ್ನು ನೆನಪಿಸಿಕೊಳ್ಳಿ. ಮೊದಲ ಬಸ್ಸು ಮೆಜೆಸ್ಟಿಕ್‌ವರೆಗೆ. ಅಲ್ಲಿ ಇಳಿದು ಇನ್ನೊಂದು ಬಸ್ಸು. ಮೊದಲನೇ ಬಸ್ಸಿನ ಕಂಡಕ್ಟರಿಗೆ ನೀವು ಕೊನೆಗೆ ಎಲ್ಲಿಗೆ ಹೋಗುತ್ತೀರಿ ಎಂಬುದು ಬೇಕಿಲ್ಲ, ಮೆಜೆಸ್ಟಿಕ್ ಅಂದರೆ ಸಾಕು. ಡ್ರೈವರಿಗೆ ಅದೂ ಬೇಕಿಲ್ಲ. ನೀವು ಹೋಗುತ್ತಿರುವುದು ಇಂಟರ್‌ವ್ಯೂಗೋ ಗೃಹಪ್ರವೇಶಕ್ಕೋ ಎಂಬುದು ಇಬ್ಬರಿಗೂ ಸಂಬಂಧವಿಲ್ಲದ ವಿಷಯ. ರಸ್ತೆಗೆ ಇದ್ಯಾವುದೂ ಗೊತ್ತಿಲ್ಲ. ಬಸ್ಸು ಬದಲಾದರೂ ನಿಮ್ಮ ತಲೆಯಲ್ಲಿರುವ ವೈಟ್‌ಫೀಲ್ಡು ಬದಲಾಗುವುದಿಲ್ಲ.

ನೆಟ್‌ವರ್ಕಿನಲ್ಲೂ ಹಾಗೆಯೇ. ರಸ್ತೆ ಅಂದರೆ ತಂತಿ, ಫೈಬರು ಅಥವಾ ವೈಫೈ ಅಲೆ, ಇದು ಮೊದಲ ಪದರ. ಒಂದು ಸ್ಟಾಪಿನಿಂದ ಪಕ್ಕದ ಸ್ಟಾಪಿಗೆ ಒಯ್ಯುವ ಬಸ್ಸು ಎರಡನೆಯದು. ಈಥರ್ನೆಟ್ (ಕೇಬಲ್ ಜಾಲದ ಪದ್ಧತಿ), ವೈಫೈಗಳ ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತಿನ ಅಂಕಿ, ಕೆಲಸ ಮಾಡುವುದು ಇಲ್ಲಿ. ಕೊನೆಗೆ ತಲುಪಬೇಕಾದ ಜಾಗ ಮೂರನೆಯದು, ಅದು ಐಪಿ ವಿಳಾಸ. ಕಳಿಸಿದ್ದೆಲ್ಲ ಒಂದೂ ಬಿಡದೆ, ಕ್ರಮ ತಪ್ಪದೆ ತಲುಪಿತೇ ಎಂದು ಲೆಕ್ಕ ಇಡುವುದು ನಾಲ್ಕನೆಯದು, ಟಿಸಿಪಿ. ಹೋದ ಕೆಲಸವೇ ಐದನೆಯದು. ವೆಬ್ ಪುಟ, ಮೇಲ್, ವಾಟ್ಸಾಪ್ ಎಲ್ಲ ಅಲ್ಲಿ ಬರುತ್ತವೆ.

ಕಾಲೇಜಿನಲ್ಲಿ ಏಳು ಪದರ ಓದಿದವರಿಗೆ ಇಲ್ಲಿ ಐದೇ ಯಾಕೆ ಅನ್ನಿಸಬಹುದು. ಏಳು ಪದರದ್ದು ಒಎಸ್‌ಐ ಮಾದರಿ, 1984ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಹೊರಬಂದದ್ದು. ನಿಜವಾಗಿ ಇಂಟರ್ನೆಟ್ಟು ಓಡುತ್ತಿರುವುದು ಟಿಸಿಪಿ/ಐಪಿ ಮೇಲೆ, 1989ರ ಅದರ ದಾಖಲೆ ನಾಲ್ಕೇ ಪದರ ಹೇಳುತ್ತದೆ. ಈ ಎರಡು ಪಂಥಗಳ ಪೈಪೋಟಿ ನಮ್ಮೂರಿಗೂ ಬಂದಿತ್ತು. 1986ರಲ್ಲಿ ಶುರುವಾದ ಎರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರ. ಮೊದಮೊದಲು ಆ ಜಾಲದಲ್ಲಿ ಎರಡೂ ಬಗೆಯವು ಓಡುತ್ತಿದ್ದವು, ಕೊನೆಗೆ ಉಳಿದದ್ದು ಟಿಸಿಪಿ/ಐಪಿ. ದೋಷ ಹುಡುಕುವವರಿಗೆ ತಂತಿಯನ್ನು ಬೇರೆ ಮಾಡಿ ಐದು ಎಂದು ಎಣಿಸುವುದು ಅನುಕೂಲ, ನಾನು ಹಾಗೇ ಎಣಿಸುತ್ತೇನೆ.

ಕಳಿಸುವಾಗ ಮೇಲಿನ ಪದರದ ವಸ್ತುವನ್ನು ಕೆಳಗಿನ ಪದರ ಬಿಚ್ಚಿ ನೋಡದೆ ಹಾಗೇ ಸುತ್ತಿ ತನ್ನ ಚೀಟಿ ಅಂಟಿಸುತ್ತದೆ. ಟಿಸಿಪಿ ಚೀಟಿ ಕನಿಷ್ಠ 20 ಬೈಟು, ಐಪಿ ಚೀಟಿ ಕನಿಷ್ಠ 20, ಈಥರ್ನೆಟ್ ಮುಂದೆ 14, ಹಿಂದೆ 4. ದಾರಿಯಲ್ಲಿ ಸಿಗುವ ಪ್ರತಿ ರೂಟರೂ ಈಥರ್ನೆಟ್ ಚೀಟಿ ಕಿತ್ತುಹಾಕಿ ಐಪಿ ಚೀಟಿ ಓದಿ, ಮುಂದಿನ ದಾರಿಗೆ ಹೊಸ ಚೀಟಿ ಅಂಟಿಸುತ್ತದೆ. ಬಸ್ಸು ಬದಲಾಯಿತು, ಊರು ಬದಲಾಗಲಿಲ್ಲ. ಒಂದು ಮಾತು ಮಾತ್ರ ಸೇರಿಸಬೇಕು: ಮನೆಯ ರೂಟರು ‘ಎಲ್ಲಿಂದ’ ಎಂಬ ಐಪಿ ವಿಳಾಸವನ್ನು ಅಳಿಸಿ ತನ್ನ ಹೊರಗಿನ ವಿಳಾಸ ಬರೆಯುತ್ತದೆ, ಉತ್ತರ ಬಂದಾಗ ಅದನ್ನು ಸರಿಯಾದ ಫೋನಿಗೋ ಲ್ಯಾಪ್‌ಟಾಪಿಗೋ ಹಂಚುತ್ತದೆ. ಇದಕ್ಕೆ ನ್ಯಾಟ್ ಎಂದು ಹೆಸರು.

ಮೊದಲ ಪದರ: ಬೆಳಕು, ತಂತಿ, ಅಲೆ

ಬೆಂಗಳೂರಿನಲ್ಲಿ ಮನೆಗೆ ಬರುವ ಫೈಬರು ಎಷ್ಟೋ ಕಡೆ ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ ತೂಗಾಡಿಕೊಂಡೇ ಬರುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಒಂದು ಕೊಂಬೆ ಮುರಿದರೆ ಬೀದಿಗೆಲ್ಲ ನೆಟ್ ಇಲ್ಲ. ಆಗ ಫೈಬರ್ ಬಾಕ್ಸಿನಲ್ಲಿ ಲಾಸ್ ಎಂದು ಬರೆದಿರುವ ಲೈಟು ಕೆಂಪಗೆ ಮಿನುಗುತ್ತದೆ. ಆಚೆಯಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಆ ಲೈಟು ಕೆಂಪಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಕಂಪನಿಗೆ ಫೋನ್ ಮಾಡಿ.

ಅದಕ್ಕೂ ಮುಂಚೆ ಒಂದೇ ಒಂದು ಸಲ ಬಾಕ್ಸಿಗೆ ಬರುವ ತೆಳ್ಳಗಿನ ಹಳದಿ ಅಥವಾ ಬಿಳಿ ವಯರನ್ನು ಕಣ್ಣಲ್ಲೇ ಸವರಿ. ಸೋಫಾ ಸರಿಸುವಾಗ ಗೋಡೆಗೆ ಒತ್ತಿಕೊಂಡಿದೆಯಾ, ಮಂಚದ ಕಾಲಿನ ಕೆಳಗೆ ಸಿಕ್ಕಿದೆಯಾ? ಒಳಗೆ ಬೆಳಕು ಹರಿಯುವ ಗಾಜಿನ ಎಳೆಯ ತಿರುಳು ಸುಮಾರು 9 ಮೈಕ್ರಾನ್ ದಪ್ಪ. ತಾಮ್ರದ ತಂತಿಯ ಹಾಗೆ ಅದನ್ನು ಚೂಪಾಗಿ ಮಡಚಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಬಾಕ್ಸಿನ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಬಲ ತೋರಿಸುವ ಒಂದು ಅಂಕಿ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಜಿಪಾನ್ ಬಾಕ್ಸುಗಳಲ್ಲಿ ಅದು ಮೈನಸ್ 27ರ ಹತ್ತಿರ ಇಳಿದರೆ ಸಂಪರ್ಕ ಬಂದು ಬಂದು ಹೋಗುತ್ತದೆ. ಕನೆಕ್ಟರ್ ಬಿಚ್ಚಿದರೆ ಅದರ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿಟ್ಟು ಒಳಗೆ ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಅದು ಲೇಸರ್.

ತಾಮ್ರದ ಲ್ಯಾನ್ ಕೇಬಲಿನ ಒಂದು ದೋಷವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ದೋಷ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ರಾಜಾಜಿನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿದ್ದರು. ಎಷ್ಟು ಸಲ ಅಳೆದರೂ 94 ಬರುತ್ತಿತ್ತು, 95 ದಾಟುತ್ತಿರಲಿಲ್ಲ. ‘ಮೋಸ ಮಾಡ್ತಿದ್ದಾರೆ’ ಅಂತ ಮೇಷ್ಟ್ರು ಸಿಟ್ಟಾಗಿದ್ದರು. ಒಂದೊಂದು ಸಲ 60, ಒಂದೊಂದು ಸಲ 200 ಬರುತ್ತಿದ್ದರೆ ನಾನೂ ಕಂಪನಿಯ ಕಡೆ ನೋಡುತ್ತಿದ್ದೆ. ಆದರೆ 94ಕ್ಕೆ ಗಪ್ಪನೆ ನಿಲ್ಲುವ ವೇಗ ತನ್ನ ಕಥೆ ತಾನೇ ಹೇಳುತ್ತದೆ.

ಲ್ಯಾನ್ ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೊತೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೊತೆ ಬೇಕು. 100ರ ವೇಗಕ್ಕೆ ಎರಡೇ ಜೊತೆ ಸಾಕು, 1, 2, 3 ಮತ್ತು 6ನೇ ಪಿನ್ನು. ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ಎರಡು ಬದಿಯ ಸಾಧನಗಳು ಜಗಳವಾಡದೆ 100ಕ್ಕೆ ಒಪ್ಪಿಕೊಂಡುಬಿಡುತ್ತವೆ. ಚೀಟಿಗಳ ಭಾರ ಕಳೆದರೆ ಅಳತೆಯಲ್ಲಿ ಉಳಿಯುವುದು 94, 95. ಮೇಷ್ಟ್ರ ಕೇಬಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಪಾರದರ್ಶಕ ಪ್ಲಗ್ಗಿನೊಳಗೆ ಏಳು ತಂತಿ ತುದಿಯವರೆಗೆ ಬಂದಿದ್ದವು. ಎಂಟನೆಯದು, ಕಂದು ಬಣ್ಣದ್ದು, ಎರಡು ಮಿಲಿಮೀಟರ್ ಹಿಂದೆಯೇ ನಿಂತಿತ್ತು. ಪ್ಲಗ್ಗಿನ ಲೋಹದ ಹಲ್ಲು ಅದನ್ನು ಕಚ್ಚಿರಲೇ ಇಲ್ಲ. ತುದಿ ಕತ್ತರಿಸಿ, ಕಿತ್ತಳೆ‑ಬಿಳಿ, ಕಿತ್ತಳೆ, ಹಸಿರು‑ಬಿಳಿ, ನೀಲಿ, ನೀಲಿ‑ಬಿಳಿ, ಹಸಿರು, ಕಂದು‑ಬಿಳಿ, ಕಂದು ಎಂದು ಸಾಲಾಗಿ ಜೋಡಿಸಿ ಎಂಟೂ ತಂತಿಯನ್ನು ಒಂದೇ ಸಮ ಕತ್ತರಿಸಿ, ಎಸ್‌ಪಿ ರೋಡಿನಲ್ಲಿ ತಂದಿಟ್ಟುಕೊಂಡಿದ್ದ ಹೊಸ ಪ್ಲಗ್ಗು ಹಾಕಿ ಒತ್ತಿದೆ. ಹತ್ತು ನಿಮಿಷದ ಕೆಲಸ. ಮತ್ತೆ ಅಳೆದಾಗ 290ರ ಮೇಲೆ ಬಂತು.

ವೈಫೈ ಕೂಡ ಮೊದಲ ಪದರದ್ದೇ. ಅನುಮಾನ ಬಂದರೆ ಒಂದು ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ರೂಟರಿಗೆ ಸಿಕ್ಕಿಸಿ ನೋಡಿ. ಕೇಬಲಿನಲ್ಲಿ ಚೆನ್ನಾಗಿ ಬಂದು ವೈಫೈಯಲ್ಲಿ ಬರದಿದ್ದರೆ ದೋಷ ಅಲೆಯದ್ದು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ, 1, 6 ಮತ್ತು 11. ಇಪ್ಪತ್ತು ಮನೆಯ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ರೂಟರೂ ಆ ಮೂರರಲ್ಲೇ ಕೂಗಾಡುತ್ತಿರುತ್ತವೆ. 5 ಗಿಗಾಹರ್ಟ್ಸಿಗೆ ಬದಲಾಯಿಸಿ, ರೂಟರನ್ನು ಸಜ್ಜೆಯ ಮೇಲಿಂದಲೋ ಫ್ರಿಜ್ಜಿನ ಹಿಂದಿನಿಂದಲೋ ತೆಗೆದು ಹಾಲಿನ ನಡುವೆ ಇಡಿ.

ಎರಡನೇ ಪದರ: ಪಕ್ಕದ ಸಾಧನ

ಇಲ್ಲಿ ಮನೆಗಳಲ್ಲಿ ತೊಂದರೆ ಕಡಿಮೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್ಟಿನ ಒಂದು ಮ್ಯಾಕ್ ವಿಳಾಸ ಇರುತ್ತದೆ. ‘192.168.1.1 ಯಾರಪ್ಪಾ?’ ಎಂದು ನಿಮ್ಮ ಕಂಪ್ಯೂಟರ್ ಇಡೀ ಮನೆಗೆ ಕೇಳುವ ಹಾಗೆ ಕೂಗುತ್ತದೆ, ‘ನಾನು, ನನ್ನ ಮ್ಯಾಕ್ ಇದು’ ಎಂದು ರೂಟರು ಉತ್ತರಿಸುತ್ತದೆ. ಈ ಕೂಗಾಟದ ಹೆಸರು ಎಆರ್‌ಪಿ. ಆ ‘ಇಡೀ ಮನೆಗೆ ಕೂಗುವುದು’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಸಣ್ಣ ಆಫೀಸುಗಳಲ್ಲಿ ಒಂದು ತಪ್ಪು ಆಗುತ್ತದೆ. ನೆಲ ಒರೆಸುವಾಗ ಬಿದ್ದ ಕೇಬಲಿನ ತುದಿಯನ್ನು ಯಾರೋ ಒಳ್ಳೆ ಮನಸ್ಸಿನಿಂದ ಸ್ವಿಚ್ಚಿನ (ಎಲ್ಲ ಲ್ಯಾನ್ ಕೇಬಲುಗಳು ಬಂದು ಸೇರುವ ಪೆಟ್ಟಿಗೆ) ಖಾಲಿ ತೂತಿಗೆ ಸಿಕ್ಕಿಸುತ್ತಾರೆ. ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ, ಕೂಗಿದ್ದು ಸುತ್ತಿ ಸುತ್ತಿ ಮತ್ತೆ ಮತ್ತೆ ಬರುತ್ತದೆ. ಎಲ್ಲ ಲೈಟುಗಳೂ ಒಟ್ಟಿಗೆ ಬಿಡುವಿಲ್ಲದೆ ಮಿನುಗುತ್ತವೆ, ಯಾರಿಗೂ ನೆಟ್ ಇರುವುದಿಲ್ಲ. ಆ ಕೇಬಲ್ ಕಿತ್ತ ತಕ್ಷಣ ಸರಿಹೋಗುತ್ತದೆ.

ಮೂರನೇ ಪದರ: ವಿಳಾಸ ಮತ್ತು ದಾರಿ

ಲೈಟುಗಳೆಲ್ಲ ಸರಿಯಾಗಿದ್ದರೆ ನಾನು ನೇರ ಇಲ್ಲಿಗೇ ಬರುತ್ತೇನೆ. ಐದು ಪದರದ ನಟ್ಟನಡುವೆ ನಿಂತು ಪರೀಕ್ಷೆ ಮಾಡಿದರೆ ಅರ್ಧ ಕೆಲಸ ಒಂದೇ ಏಟಿಗೆ ಮುಗಿಯುತ್ತದೆ.

ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪಿಸಿ ಎಂಟರ್ ಒತ್ತಿ. ಮೊಬೈಲಿನಲ್ಲಾದರೆ ವೈಫೈ ಹೆಸರಿನ ಮೇಲೆ ಒತ್ತಿದರೆ ವಿವರ ಸಿಗುತ್ತದೆ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ನಿಮ್ಮ ಸಾಧನ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ಕೆಳಗಿನ ಎರಡು ಪದರಕ್ಕೆ ವಾಪಸ್ ಹೋಗಿ, ಅಥವಾ ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಆಗಿದೆಯೇ ನೋಡಿ. ಮನೆಯೊಳಗೆ ಸಹಜವಾಗಿ ಕಾಣುವ ವಿಳಾಸ 192.168 ಅಥವಾ 10 ಎಂದು ಶುರುವಾಗುತ್ತದೆ.

ಆಮೇಲೆ ಅಲ್ಲೇ ಮೂರು ಪಿಂಗ್: ping ಎಂದು ಟೈಪಿಸಿ, ಒಂದು ಜಾಗ ಬಿಟ್ಟು, ವಿಳಾಸ. ಪಿಂಗ್ ಅಂದರೆ ‘ಇದ್ದೀಯಾ?’ ಎಂದು ಕೇಳುವುದು, ಆ ಕಡೆಯವರು ‘ಇದ್ದೀನಿ’ ಅನ್ನುವುದು, ಅಷ್ಟೇ. ಮೈಕ್ ಮ್ಯೂಸ್ ಎಂಬ ಅಮೆರಿಕದ ಪ್ರೋಗ್ರಾಮರ್ ಇದನ್ನು ಬರೆದದ್ದು 1983ರ ಡಿಸೆಂಬರಿನಲ್ಲಿ. ಇಷ್ಟು ಉಪಕಾರ ಮಾಡಿದ ಪುಟ್ಟ ಪ್ರೋಗ್ರಾಮು ಇನ್ನೊಂದು ನನಗೆ ಗೊತ್ತಿಲ್ಲ. ಮೊದಲು ಡೀಫಾಲ್ಟ್ ಗೇಟ್‌ವೇ ಎಂದು ಕಾಣುವ ವಿಳಾಸಕ್ಕೆ, ಅಂದರೆ ನಿಮ್ಮ ರೂಟರಿಗೆ ಪಿಂಗ್ ಮಾಡಿ. ಉತ್ತರ ಬಂದರೆ ಮನೆಯೊಳಗಿನ ತಂತಿ, ವೈಫೈ, ವಿಳಾಸ ಕೆಲಸ ಮಾಡುತ್ತಿವೆ. ಎರಡನೆಯದು 8.8.8.8ಕ್ಕೆ, ಅದು ಗೂಗಲ್ಲಿನ ಒಂದು ಸಾರ್ವಜನಿಕ ಸರ್ವರು. ಉತ್ತರ ಬಂದರೆ ಹೊರಗಿನ ದಾರಿಯೂ ಸರಿ. ಮೂರನೆಯದು ಯಾವುದಾದರೂ ದೊಡ್ಡ ವೆಬ್‌ಸೈಟಿನ ಹೆಸರಿಗೆ. ಎರಡನೆಯದು ಸರಿಯಾಗಿ ಮೂರನೆಯದು ‘ಈ ಹೆಸರು ಸಿಗಲಿಲ್ಲ’ ಅಂದರೆ ದೋಷ ಡಿಎನ್‌ಎಸ್‌ನದ್ದು, ಅದಕ್ಕೆ ಆಮೇಲೆ ಬರೋಣ.

ಈಗ ಪಿಜಿಗೆ ಹೋಗೋಣ. ನೆಟ್ ಬರದ ಒಬ್ಬ ಹುಡುಗನ ಲ್ಯಾಪ್‌ಟಾಪ್ ತೆಗೆದುಕೊಂಡೆ. ಗೇಟ್‌ವೇಗೆ ಪಿಂಗ್ ಮಾಡಿದೆ, ಒಂದೂ ತಪ್ಪದೆ ಉತ್ತರ ಬಂತು. 8.8.8.8ಕ್ಕೆ ಮಾಡಿದೆ, ಒಂದೂ ಬರಲಿಲ್ಲ. ‘ನೋಡಿ ಅಣ್ಣಾ, ಕಂಪನಿಯದ್ದೇ ತಪ್ಪು’ ಅಂದ ಹುಡುಗ. ಆ ಎರಡು ಸಾಲು ಮಾತ್ರ ನೋಡಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬನ ಫೋನಿನಲ್ಲಿ, ಅದೇ ವೈಫೈಯಲ್ಲಿ, ವಿಡಿಯೊ ಓಡುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ವಿಳಾಸ ಓದಿದೆ. ನೆಟ್ ಬರುವ ಫೋನು 192.168.1.134, ಗೇಟ್‌ವೇ 192.168.1.1. ನೆಟ್ ಬರದ ಲ್ಯಾಪ್‌ಟಾಪು 192.168.0.103, ಗೇಟ್‌ವೇ 192.168.0.1.

ಮೂರನೇ ಅಂಕಿ ಬೇರೆ. ಒಂದರಲ್ಲಿ 1, ಇನ್ನೊಂದರಲ್ಲಿ ಸೊನ್ನೆ. ಈ ಕಟ್ಟಡದಲ್ಲಿ ನಾನೇ ಹಾಕಿದ ರೂಟರು ಒಂದೇ, ಅದರ ವಿಳಾಸ 192.168.1.1. ಹಾಗಾದರೆ ‘ಇದ್ದೀನಿ’ ಎಂದು ಉತ್ತರ ಕೊಡುತ್ತಿರುವ 192.168.0.1 ಯಾರು?

ಹೊಸ ಸಾಧನ ವೈಫೈಗೆ ಸೇರಿದಾಗ ‘ನನಗೊಂದು ವಿಳಾಸ ಕೊಡಿ’ ಎಂದು ಇಡೀ ಮನೆಗೆ ಕೇಳುವ ಹಾಗೆ ಕೂಗುತ್ತದೆ. ಇದು ಡಿಎಚ್‌ಸಿಪಿ. ಕೊಡುವವರು ಒಬ್ಬರೇ ಇರಬೇಕು. ಇಬ್ಬರಿದ್ದರೆ ಸಾಮಾನ್ಯವಾಗಿ ಯಾರ ಉತ್ತರ ಮೊದಲು ಬರುತ್ತದೋ ಅವರ ವಿಳಾಸವನ್ನೇ ಸಾಧನ ಒಪ್ಪಿಕೊಳ್ಳುತ್ತದೆ. ಅದಕ್ಕೇ ಪ್ರತಿ ಸಲ ರೂಟರ್ ರೀಸ್ಟಾರ್ಟ್ ಮಾಡಿದಾಗಲೂ ಫಲಿತಾಂಶ ಬದಲಾಗುತ್ತಿತ್ತು. ಓಟದ ಪಂದ್ಯ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಕಂಪನಿಯವರು ಹೇಳಿದ್ದು ನಿಜವೇ ಆಗಿತ್ತು, ಅವರ ಕಡೆ ಎಲ್ಲ ಸರಿಯಾಗಿಯೇ ಇತ್ತು.

ಆ ಲ್ಯಾಪ್‌ಟಾಪಿನಲ್ಲಿ ಎಆರ್‌ಪಿ ಪಟ್ಟಿ ತೆಗೆದು 192.168.0.1ರ ಮ್ಯಾಕ್ ವಿಳಾಸ ನೋಡಿದೆ. ಮ್ಯಾಕಿನ ಮೊದಲ ಅರ್ಧ, 24 ಬಿಟ್ಟು, ತಯಾರಕರ ಗುರುತು. ಅದು ನಮ್ಮ ರೂಟರಿನ ತಯಾರಕರದ್ದಲ್ಲ. ಯಾರೋ ಇನ್ನೊಂದು ರೂಟರ್ ತಂದು ಸಿಕ್ಕಿಸಿದ್ದಾರೆ. 28 ರೂಮಿನ ಬಾಗಿಲು ತಟ್ಟುವುದು ಬೇಕಿರಲಿಲ್ಲ. 192.168.0.1ಕ್ಕೆ ನಿಲ್ಲದೆ ಪಿಂಗ್ ಹೋಗುವ ಹಾಗೆ ಬಿಟ್ಟು, ಕೆಳಗೆ ಸ್ವಿಚ್ಚಿನ ಹತ್ತಿರ ಕೂತು ಒಂದೊಂದೇ ಕೇಬಲ್ ತೆಗೆದು ವಾಪಸ್ ಹಾಕುತ್ತಾ ಹೋದೆ. ಹನ್ನೊಂದನೇ ಕೇಬಲ್ ತೆಗೆದಾಗ ಪಿಂಗ್ ನಿಂತಿತು. ವಾಪಸ್ ಹಾಕಿದೆ, ಶುರುವಾಯಿತು. ಮತ್ತೆ ತೆಗೆದೆ, ನಿಂತಿತು. ಎರಡು ಸಲ ನೋಡಿದ ಮೇಲೆಯೇ ನಂಬಬೇಕು.

ಆ ಕೇಬಲು ಮೂರನೇ ಮಹಡಿಯ ಕೊನೆಯ ರೂಮಿನದ್ದು. ಹಾಸನದಿಂದ ಬಂದಿದ್ದ ಹುಡುಗ, ರೂಮಿನಲ್ಲಿ ಸಿಗ್ನಲ್ ಕಡಿಮೆ ಅಂತ ಊರಿನಿಂದ ಹಳೇ ರೂಟರ್ ತಂದು, ಗೋಡೆಯ ಕೇಬಲನ್ನು ಅದರ ಹಳದಿ ತೂತಿಗೆ ಸಿಕ್ಕಿಸಿದ್ದ. ಅದು ಲ್ಯಾನ್ ತೂತು, ಒಳಗಿನ ಸಾಧನಗಳಿಗೆ. ಹೊರಗಿನ ಸಂಪರ್ಕಕ್ಕಿರುವ ನೀಲಿ ಬಣ್ಣದ ವ್ಯಾನ್ ತೂತಿಗೆ ಹಾಕಿದ್ದರೆ ಆ ರೂಟರಿನ ವಿಳಾಸ ಹಂಚುವ ಕೆಲಸ ಅವನ ರೂಮಿನೊಳಗೇ ಉಳಿಯುತ್ತಿತ್ತು. ಲ್ಯಾನಿಗೆ ಹಾಕಿದ್ದರಿಂದ ಅದು ಇಡೀ ಕಟ್ಟಡಕ್ಕೆ ವಿಳಾಸ ಹಂಚುತ್ತಿತ್ತು, ಆದರೆ ಹೊರಗಿನ ದಾರಿ ಅದಕ್ಕೇ ಗೊತ್ತಿರಲಿಲ್ಲ. ಕೇಬಲನ್ನು ನೀಲಿ ತೂತಿಗೆ ಬದಲಾಯಿಸಿದೆ. ಹುಡುಗ ಹೆದರಿಹೋಗಿದ್ದ. ಅವನು ಮಾಡಿದ್ದು ತಪ್ಪಲ್ಲ, ಗೊತ್ತಿರಲಿಲ್ಲ ಅಷ್ಟೇ ಎಂದು ಆಂಟಿಗೆ ನಾನೇ ಹೇಳಿದೆ.

ನಾಲ್ಕನೇ ಪದರ: ಚಿಕ್ಕದು ಹೋಗುತ್ತೆ, ದೊಡ್ಡದು ಹೋಗಲ್ಲ

ಪಿಂಗ್ ಚೆನ್ನಾಗಿ ಹೋಗುತ್ತದೆ, ಹೆಸರೂ ಸಿಗುತ್ತದೆ, ವಾಟ್ಸಾಪಿನಲ್ಲಿ ಮಾತು ಹೋಗುತ್ತದೆ, ಫೋಟೊ ಮಾತ್ರ ಸುತ್ತುತ್ತಲೇ ಇರುತ್ತದೆ. ಅವೆನ್ಯೂ ರೋಡಿನ ಒಂದು ಡಿಟಿಪಿ ಅಂಗಡಿಯಲ್ಲಿ ಹೊಸ ರೂಟರ್ ಹಾಕಿದ ಮೇಲೆ ಹೀಗಾಯಿತು. ಬರೀ ಅಕ್ಷರವಿರುವ ಮೇಲ್ ಹೋಗುತ್ತಿತ್ತು, ಲಗ್ನಪತ್ರಿಕೆಯ ಫೈಲ್ ಅಂಟಿಸಿದರೆ ನಿಂತುಬಿಡುತ್ತಿತ್ತು.

ಈಥರ್ನೆಟ್ ಒಂದು ಸಲಕ್ಕೆ ಹೊರುವ ಹೊರೆ 1500 ಬೈಟು. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸಂಪರ್ಕ ಪಡೆಯುವ ಪಿಪಿಪಿಒಇ ಎಂಬ ಪದ್ಧತಿ ಅದರಲ್ಲಿ 8 ಬೈಟನ್ನು ತನ್ನ ಚೀಟಿಗೆ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಹೊಸ ರೂಟರಿನಲ್ಲಿ ಎಂಟಿಯು ಎಂಬ ಈ ಅಳತೆ 1500 ಎಂದೇ ಇತ್ತು. ಚಿಕ್ಕ ಗಂಟುಗಳು ಬಾಗಿಲಲ್ಲಿ ಹಿಡಿಸಿದವು, ತುಂಬಿದ ಗಂಟುಗಳು ದಾರಿಯಲ್ಲಿ ಸದ್ದಿಲ್ಲದೆ ಬಿದ್ದುಹೋದವು. ತಲುಪಿತು ಎಂಬ ರಸೀದಿ ಬರಲಿಲ್ಲವೆಂದು ಟಿಸಿಪಿ ಅದೇ ಗಂಟನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ತೆರೆಯ ಮೇಲೆ ಸುತ್ತುತ್ತಿದ್ದ ಚಕ್ರ ಅದೇ.

ಪತ್ತೆ ಮಾಡುವುದು ಸುಲಭ. ಪಿಂಗಿಗೆ ‘ತುಂಡು ಮಾಡಬೇಡ’ ಎಂಬ ಎಫ್ ಸೂಚನೆ, ‘ಇಷ್ಟು ದೊಡ್ಡದು ಕಳಿಸು’ ಎಂಬ ಎಲ್ ಸೂಚನೆ ಕೊಡಬಹುದು, ಎರಡೂ ಅಕ್ಷರಕ್ಕೆ ಮೊದಲು ಒಂದು ಅಡ್ಡಗೆರೆ. ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಸರ್ವರು 1.1.1.1ಕ್ಕೆ 1472 ಬೈಟು ಕಳಿಸಿದೆ, ಉತ್ತರವಿಲ್ಲ. 1464 ಕಳಿಸಿದೆ, ಉತ್ತರ ಬಂತು. 1464ಕ್ಕೆ ಐಪಿ ಚೀಟಿಯ 20, ಪಿಂಗ್ ಚೀಟಿಯ 8 ಸೇರಿಸಿದರೆ ಸರಿಯಾಗಿ 1492. ರೂಟರಿನಲ್ಲಿ ಎಂಟಿಯು 1492 ಎಂದು ತಿದ್ದಿದೆ, ಲಗ್ನಪತ್ರಿಕೆ ಹೋಯಿತು. ಅಳತೆ ಮೂರನೇ ಪದರದ್ದು, ಕಾರಣ ಎರಡನೆಯದರಲ್ಲಿ, ನರಳಾಟ ಕಂಡದ್ದು ನಾಲ್ಕರಲ್ಲಿ. ಪದರಗಳು ಒಂದರ ಒಳಗನ್ನು ಒಂದು ನೋಡುವುದಿಲ್ಲವಾದ್ದರಿಂದಲೇ ಇಂಥ ದೋಷ ಹುಡುಕುವುದು ಕಷ್ಟ.

ಇಲ್ಲಿಯೇ ಇನ್ನೊಂದು ವಿಷಯ. ಒಂದು ಸರ್ವರಿಗೆ ಸಂಪರ್ಕ ಆಗದಿದ್ದಾಗ ಬರುವ ಸಂದೇಶವನ್ನು ಪೂರ್ತಿ ಓದಿ. ‘ನಿರಾಕರಿಸಲಾಗಿದೆ’ ಅಂದರೆ ನೀವು ಆ ಯಂತ್ರದವರೆಗೆ ಹೆಚ್ಚುಕಡಿಮೆ ತಲುಪಿದ್ದೀರಿ, ತಟ್ಟಿದ ಬಾಗಿಲಿನ ಹಿಂದೆ ಯಾರೂ ಇಲ್ಲ. ‘ಕಾಲಾವಧಿ ಮುಗಿಯಿತು’ ಅಂದರೆ ಉತ್ತರವೇ ಬರಲಿಲ್ಲ, ದಾರಿ ಕಡಿದಿರಬಹುದು, ಫೈರ್‌ವಾಲ್ ನುಂಗಿರಬಹುದು. ಎರಡೂ ‘ಓಪನ್ ಆಗ್ತಿಲ್ಲ’ವೇ, ಆದರೆ ಹುಡುಕಬೇಕಾದ ಜಾಗ ಬೇರೆ.

ಐದನೇ ಪದರ: ಹೆಸರು, ಗಡಿಯಾರ, ಪುಟ

ಹೆಸರನ್ನು ಐಪಿ ವಿಳಾಸಕ್ಕೆ ಬದಲಾಯಿಸಿಕೊಡುವುದು ಡಿಎನ್‌ಎಸ್. ಅದು ಕೆಟ್ಟಾಗ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಹೊಡೆದರೆ ಯಾವ ಪುಟವೂ ತೆರೆಯುವುದಿಲ್ಲ. ರೂಟರಿನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಮತ್ತು 1.1.1.1 ಹಾಕಿ ನೋಡಿ.

ಬೀಗದ ಗುರುತಿನ ಎಲ್ಲ ಸೈಟುಗಳೂ ‘ಸುರಕ್ಷಿತವಲ್ಲ’ ಎಂದು ತಡೆದರೆ ಮೂಲೆಯಲ್ಲಿರುವ ಗಡಿಯಾರ ನೋಡಿ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ ಬಟನ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಸೈಟಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಎಂದು ಬ್ರೌಸರು ತಿಳಿಯುತ್ತದೆ. ಬ್ಯಾಟರಿ ಬದಲಾಯಿಸಿ, ತಾರೀಖು ತಿದ್ದಿ.

ಇನ್ನು 404, 503 ಎಂಬ ಅಂಕಿ ಕಂಡರೆ ರೂಟರ್ ಮುಟ್ಟಲೇಬೇಡಿ. ಆ ಅಂಕಿ ನಿಮ್ಮ ತೆರೆಗೆ ಬಂದಿದೆ ಎಂದರೆ ತಂತಿ, ವಿಳಾಸ, ದಾರಿ, ಸಾಗಣೆ ಎಲ್ಲವೂ ಕೆಲಸ ಮಾಡಿವೆ. ಸರ್ವರ್ ನಿಮ್ಮ ಮಾತು ಕೇಳಿಸಿಕೊಂಡು ಉತ್ತರ ಕೊಟ್ಟಿದೆ. 404 ಅಂದರೆ ನೀವು ಕೇಳಿದ ಪುಟ ಅಲ್ಲಿಲ್ಲ, 503 ಅಂದರೆ ಸರ್ವರಿಗೆ ಈಗ ಆಗುತ್ತಿಲ್ಲ. ಫಲಿತಾಂಶದ ದಿನ ರಿಸಲ್ಟ್ ಸೈಟು 503 ತೋರಿಸಿದಾಗ ಮನೆಯ ರೂಟರಿಗೆ ಬಡಿಯುವ ಅಪ್ಪಂದಿರನ್ನು ಕಂಡಿದ್ದೇನೆ. ಮಕ್ಕಳ ಆತಂಕ ಅರ್ಥವಾಗುತ್ತದೆ. ಆದರೆ ಸುಮ್ಮನೆ ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ.

ಕಂಪನಿಗೆ ಫೋನ್ ಮಾಡುವಾಗ

‘ನೆಟ್ ಬರ್ತಿಲ್ಲ’ ಅಂದರೆ ‘ಆಫ್ ಮಾಡಿ ಆನ್ ಮಾಡಿ ಸರ್’ ಎಂದೇ ಶುರುವಾಗುತ್ತದೆ. ಕಂಡದ್ದನ್ನು ಹೇಳಿ: ಲಾಸ್ ಲೈಟಿನ ಬಣ್ಣ, ರೂಟರಿಗೆ ಪಿಂಗ್ ಹೋಗುತ್ತದೋ ಇಲ್ಲವೋ, 8.8.8.8ಕ್ಕೆ ಹೋಗುತ್ತದೋ ಇಲ್ಲವೋ, ಒಂದೇ ಸಾಧನಕ್ಕೋ ಎಲ್ಲದಕ್ಕೋ, ಎಷ್ಟು ಗಂಟೆಯಿಂದ. ಆ ಪಿಜಿಯಲ್ಲಿ ಇಷ್ಟನ್ನೂ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ರೂಟರಿನ ಪಕ್ಕದ ಗೋಡೆಗೆ ಅಂಟಿಸಿ ಬಂದೆ. ನಮ್ಮ ಗೇಟ್‌ವೇ 192.168.1.1, ಬೇರೆ ಏನಾದರೂ ಕಂಡರೆ ಮೊದಲು ನನಗೆ ಹೇಳಿ ಎಂದೂ ಬರೆದೆ.

ಮುಂದಿನ ಮೇ ತಿಂಗಳ ಒಂದು ಸಂಜೆ ಜೋರು ಮಳೆ ನಿಂತ ಮೇಲೆ ಆಂಟಿಯ ಫೋನ್ ಬಂತು. ‘ಅಣ್ಣಾ, ಲಾಸ್ ಲೈಟ್ ಕೆಂಪಗೆ ಮಿಣಮಿಣ ಅಂತಿದೆ. ರೂಟರಿಗೆ ಪಿಂಗ್ ಹೋಗ್ತಿದೆ, ಹೊರಗಡೆ ಹೋಗ್ತಿಲ್ಲ. ಗೇಟಿನ ಮುಂದೆ ಕೊಂಬೆ ಬಿದ್ದಿದೆ. ಕಂಪನಿಗೆ ಇದೆಲ್ಲ ಹೇಳಿ ಕಂಪ್ಲೇಂಟ್ ನಂಬರ್ ತಗೊಂಡಿದ್ದೀನಿ. ಸರೀನಾ?’ ಸರಿಯಾಗಿತ್ತು. ಲೈನಿನ ಹುಡುಗ ಏಣಿ ತಂದು ನೇರ ಆ ಮರದ ಹತ್ತಿರವೇ ಹೋದನಂತೆ, ಮನೆಯೊಳಗೆ ಕಾಲಿಡಲೇ ಇಲ್ಲವಂತೆ.